ನಡುರಸ್ತೆಯಲ್ಲಿ ಕೈಬಿಡುವ ಗೇರ್‌ಬಾಕ್ಸ್

ಓಡುತ್ತಿರುವ ಕಾರು ಇದ್ದಕ್ಕಿದ್ದಂತೆ ನಿಂತುಹೋಗುವುದು ಸುರಕ್ಷತೆಯ ಪ್ರಶ್ನೆಯೋ, ಬರೀ ಕಿರಿಕಿರಿಯೋ? ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಎಂಜಿನಿಯರುಗಳು ಈ ಪ್ರಶ್ನೆಗೆ ವರ್ಷಗಟ್ಟಲೆ ತಪ್ಪು ಉತ್ತರ ಕೊಟ್ಟುಕೊಂಡು ಬಂದರು. ಅವರ ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ ತೀರಾ ಸಡಿಲವಾಗಿತ್ತು. ಮೊಣಕಾಲು ತಾಗಿದರೆ ಅಥವಾ ಕೀಗೊಂಚಲು ಭಾರವಾದರೆ ಕೀ ತಾನಾಗಿ ತಿರುಗಿ ಎಂಜಿನ್ ಆಫ್ ಆಗುತ್ತಿತ್ತು, ಅದರ ಜೊತೆಗೇ ಏರ್‌ಬ್ಯಾಗೂ ಕೆಲಸ ನಿಲ್ಲಿಸುತ್ತಿತ್ತು. ದೂರುಗಳು ಬಂದಾಗ ಕಂಪನಿಯೊಳಗೆ ಅದನ್ನು 'ಗ್ರಾಹಕರ ಅನುಕೂಲ'ಕ್ಕೆ ಸಂಬಂಧಪಟ್ಟ ವಿಷಯವೆಂದು ವಿಂಗಡಿಸಿ ಬದಿಗಿಟ್ಟರು. ಇದು ಬೆಳಕಿಗೆ ಬಂದದ್ದು 2014ರಲ್ಲಿ, ಕಂಪನಿಯೇ ನೇಮಿಸಿದ್ದ ವಕೀಲ ಆಂಟನ್ ವಲುಕಾಸ್ ಅವರ ತನಿಖಾ ವರದಿಯಲ್ಲಿ. ಅಷ್ಟರಲ್ಲಿ ಸುಮಾರು 26 ಲಕ್ಷ ಕಾರುಗಳು ರಸ್ತೆಗಿಳಿದಿದ್ದವು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳ ಸಂಖ್ಯೆಯೇ 124. ಮರುವರ್ಷ ಕಂಪನಿ 90 ಕೋಟಿ ಡಾಲರ್ ಕಟ್ಟಿ ಕ್ರಿಮಿನಲ್ ಮೊಕದ್ದಮೆಯಿಂದ ಪಾರಾಯಿತು.

ಕಾರು ನಿಲ್ಲುವ ತೊಂದರೆಯನ್ನು ಕುರಿತ ಯಾವ ಚರ್ಚೆಗೂ ಈ ಪ್ರಕರಣವನ್ನು ಮೊದಲು ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಸ್ವಿಚ್ಚಿನ ದೋಷ ಎಷ್ಟು ದೊಡ್ಡದೋ ವಿಂಗಡಣೆಯ ದೋಷವೂ ಅಷ್ಟೇ ದೊಡ್ಡದು. 'ಅನುಕೂಲ' ಎಂಬ ಕಡತಕ್ಕೆ ಒಮ್ಮೆ ಹೋದ ದೂರು ಅಲ್ಲಿಂದ ಎದ್ದು ಬರುವುದು ಕಷ್ಟ. ಇವತ್ತು ಗೇರ್‌ಬಾಕ್ಸಿನ ಕಂಪ್ಯೂಟರ್, ಅಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಅಥವಾ ಟಿಸಿಎಂ, ಕೆಟ್ಟು ನಿಲ್ಲುವ ಕಾರುಗಳ ವಿಷಯದಲ್ಲೂ ಅದೇ ನಡೆಯುತ್ತಿದೆ.

'ಗಾಡಿ ನಿಂತುಬಿಡ್ತು' ಎಂದು ಮಾಲೀಕರು ಹೇಳುವ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಎಂಜಿನ್ನೇ ಆಫ್ ಆಗುವುದು ಒಂದು. ಇಂಧನ ಪಂಪು, ಸೆನ್ಸರು, ಬ್ಯಾಟರಿಯ ಸಡಿಲ ತಂತಿ, ಯಾವುದು ಬೇಕಾದರೂ ಇದಕ್ಕೆ ಕಾರಣವಾಗಬಹುದು. ಎಂಜಿನ್ ಓಡುತ್ತಿದ್ದರೂ ಚಕ್ರಕ್ಕೆ ಶಕ್ತಿ ಹೋಗದಿರುವುದು ಇನ್ನೊಂದು. ಆಕ್ಸಲರೇಟರ್ ಒತ್ತಿದಷ್ಟೂ ಎಂಜಿನ್ ಕೂಗುತ್ತದೆ, ಕಾರು ಮಾತ್ರ ನ್ಯೂಟ್ರಲ್‌ನಲ್ಲಿರುವಂತೆ ನಿಧಾನವಾಗುತ್ತಾ ಹೋಗುತ್ತದೆ. ಮೂರನೆಯದು, ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದಿರುವುದು. ಆಟೊಮ್ಯಾಟಿಕ್ ಕಾರಿನಲ್ಲಿ ಗೇರು ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇದೆ ಎಂದು ಖಾತ್ರಿಯಾಗದೆ ಸ್ಟಾರ್ಟರ್ ತಿರುಗುವುದಿಲ್ಲ. ಆ ಖಾತ್ರಿ ಕೊಡಬೇಕಾದ ಮಾಡ್ಯೂಲೇ ಮೌನವಾದರೆ ಬ್ಯಾಟರಿ, ಪೆಟ್ರೋಲು, ಎಂಜಿನ್ ಎಲ್ಲ ಸರಿಯಿದ್ದೂ ಕಾರು ಕದಲದು. ಟಿಸಿಎಂ ಕೆಟ್ಟಾಗ ಎರಡನೆಯದೂ ಆಗಬಹುದು, ಮೂರನೆಯದೂ ಆಗಬಹುದು. ಸ್ಕ್ಯಾನರ್ ಹಾಕಿದರೆ ಆಗ ಸಾಮಾನ್ಯವಾಗಿ ಬರುವ ಸಂಕೇತ ಯು0101. ಬೇರೆ ಮಾಡ್ಯೂಲುಗಳಿಗೆ ಟಿಸಿಎಂ ಜೊತೆ ಸಂಪರ್ಕ ತಪ್ಪಿದೆ ಎಂದು ಅದರ ಅರ್ಥ.

ಈ ತೊಂದರೆಯ ಅತಿ ದೊಡ್ಡ, ಅತಿ ವಿವರವಾಗಿ ದಾಖಲಾದ ಉದಾಹರಣೆ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಗೇರ್‌ಬಾಕ್ಸ್. ಡಿಪಿಎಸ್6 ಎಂಬುದು ಕಂಪನಿಯೊಳಗೆ ಅದಕ್ಕಿದ್ದ ಹೆಸರು. ಅಮೆರಿಕದಲ್ಲಿ 2011ರ ಮಾದರಿಯ ಫಿಯೆಸ್ಟಾ ಮತ್ತು 2012ರ ಮಾದರಿಯ ಫೋಕಸ್ ಕಾರುಗಳಲ್ಲಿ ಇದು ಬಂತು. ಹೊರಗಿನಿಂದ ಆಟೊಮ್ಯಾಟಿಕ್, ಒಳಗಿನಿಂದ ಎರಡು ಕ್ಲಚ್ ಇರುವ ಮ್ಯಾನುಯಲ್. ಒಂದು ಕ್ಲಚ್ ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಮೂರನೇ ಗೇರಿನಲ್ಲಿ ಓಡುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ, ಒಂದು ಕ್ಲಚ್ ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಕಲ್ಪನೆ ನಿಜಕ್ಕೂ ಚೆಂದ. ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ ಇರುತ್ತದೆ. ಅಲ್ಲಿ ಪೋಲಾಗುವ ಇಂಧನ ಇಲ್ಲಿ ಉಳಿಯಬೇಕು ಎಂಬುದು ಉದ್ದೇಶ. ಇನ್ನಷ್ಟು ಉಳಿಸಲು ಫೋರ್ಡ್ ಕ್ಲಚ್ಚುಗಳನ್ನು ಎಣ್ಣೆಯಲ್ಲಿ ಅದ್ದದೆ ಒಣವಾಗಿಯೇ ಇಟ್ಟಿತು.

ಚಾಲಕ ಎಡಗಾಲಿನಿಂದ ಮಾಡುತ್ತಿದ್ದ ಕೆಲಸ ಈಗ ಸಣ್ಣ ವಿದ್ಯುತ್ ಮೋಟರುಗಳ ಪಾಲಿಗೆ ಬಂತು. ಆ ಮೋಟರುಗಳನ್ನು ಆಡಿಸುವುದು ಟಿಸಿಎಂ. ಕ್ಲಚ್ಚನ್ನು ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ಯಾವ ಗೇರು ಹಾಕಬೇಕು ಎಂದು ಕ್ಷಣಕ್ಷಣವೂ ನಿರ್ಧರಿಸುವ ಈ ಪೆಟ್ಟಿಗೆಯನ್ನು ಗೇರ್‌ಬಾಕ್ಸಿನ ಮೈಗೇ ಬೋಲ್ಟ್ ಮಾಡಿ ಕೂರಿಸಿದ್ದರು. ಎಂಜಿನ್ನಿನ ಬಿಸಿ, ಕ್ಲಚ್ಚಿನ ಬಿಸಿ, ರಸ್ತೆಯ ನಡುಕ ಎಲ್ಲವೂ ನೇರವಾಗಿ ಅದಕ್ಕೆ ತಟ್ಟುತ್ತವೆ. ಓಡಿದಾಗ ಕಾದು ನಿಂತಾಗ ಆರುವ ಈ ಚಕ್ರ ಸಾವಿರಾರು ಸಲ ನಡೆದ ಮೇಲೆ ಒಳಗಿನ ಚಿಪ್ಪುಗಳ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕು ಪೂರ್ತಿ ಬಾಯ್ಬಿಡುವ ತನಕ ಸಂಪರ್ಕ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಕಾದಾಗ ತಪ್ಪಿದ ಸಂಪರ್ಕ ಆರಿದಾಗ ಮತ್ತೆ ಕೂಡುತ್ತದೆ. ಮಾಲೀಕರ ಸಂಕಟದ ಬೇರು ಇರುವುದು ಇಲ್ಲಿ.

ಹೆದ್ದಾರಿಯಲ್ಲಿ ಕೈಕೊಟ್ಟ ಕಾರನ್ನು ಟೋ ಮಾಡಿಸಿ ಸರ್ವಿಸ್ ಸೆಂಟರಿಗೆ ತರುವಷ್ಟರಲ್ಲಿ ಅದು ಆರಿರುತ್ತದೆ. ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಒಂದು ಸುತ್ತು ಟ್ರಯಲ್ ಹೋದರೆ ಸಲೀಸಾಗಿ ಓಡುತ್ತದೆ. "ಸ್ಕ್ಯಾನರ್ ಹಾಕಿ ನೋಡಿದ್ವಿ ಸರ್, ಏನೂ ತೋರಿಸ್ತಿಲ್ಲ" ಎಂಬ ಉತ್ತರ ಬರುತ್ತದೆ. ಜಾಬ್ ಕಾರ್ಡಿನಲ್ಲಿ 'ತೊಂದರೆ ಕಂಡುಬಂದಿಲ್ಲ' ಎಂದು ಬರೆದು ಕಾರು ವಾಪಸು ಕೊಡುತ್ತಾರೆ. ಹಾಗೆ ಬರೆದವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ, ಅವರಿಗೆ ನಿಜಕ್ಕೂ ಕಂಡಿರುವುದಿಲ್ಲ. ಆದರೆ ಮುಂದೆ ಗ್ರಾಹಕ ಆಯೋಗದ ಮುಂದೆ ನಿಂತಾಗ ಆ ಒಂದು ಸಾಲು ಮಾಲೀಕರ ವಿರುದ್ಧದ ಸಾಕ್ಷ್ಯವಾಗುತ್ತದೆ.

ಪವರ್‌ಶಿಫ್ಟ್‌ಗೆ ಎರಡು ಬೇರೆ ರೋಗಗಳಿದ್ದವು, ಅವೆರಡನ್ನೂ ಬೆರೆಸಬಾರದು. ಇನ್‌ಪುಟ್ ಶಾಫ್ಟಿನ ಸೀಲು ಸೋರಿ ಒಣ ಕ್ಲಚ್ಚಿಗೆ ಎಣ್ಣೆ ತಾಗಿದಾಗ ಕಾರು ಹೊರಡುವಾಗ ಗಡಗಡ ನಡುಗುತ್ತಿತ್ತು. ಅದು ಕಿರಿಕಿರಿ, ಸವಕಳಿ, ಖರ್ಚು. ಟಿಸಿಎಂ ದೋಷವಾದರೋ ಶಕ್ತಿಯೇ ತಪ್ಪಿಹೋಗುವ ಬಾಬತ್ತು. 2014ರಲ್ಲಿ ಫೋರ್ಡ್ ಅಮೆರಿಕದಲ್ಲಿ ಎರಡಕ್ಕೂ ವಾರಂಟಿ ವಿಸ್ತರಿಸಿತು. ಕ್ಲಚ್ಚಿಗೆ 7 ವರ್ಷ ಅಥವಾ 1 ಲಕ್ಷ ಮೈಲಿ, ಟಿಸಿಎಂಗೆ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ. ಟಿಸಿಎಂಗೇ ಹೆಚ್ಚು ಕಾಲಾವಧಿ ಸಿಕ್ಕಿದ್ದನ್ನು ಗಮನಿಸಬೇಕು. ಬೆಸುಗೆಯ ದಣಿವು ನಿಧಾನವಾಗಿ ಕೂಡುವಂಥದ್ದು. ಆದರೆ ವಾರಂಟಿ ವಿಸ್ತರಣೆಗೂ ರೀಕಾಲ್‌ಗೂ ಅಜಗಜಾಂತರವಿದೆ. ರೀಕಾಲ್ ಆದರೆ ಕಂಪನಿಯೇ ಪ್ರತಿ ಮಾಲೀಕರನ್ನು ಹುಡುಕಿ ಕರೆದು, ಭಾಗ ಕೆಡುವ ಮುನ್ನವೇ ಬದಲಿಸಬೇಕು. ವಾರಂಟಿಯಲ್ಲಿ ಭಾಗ ಮೊದಲು ಕೆಡಬೇಕು, ಮಾಲೀಕರು ಅದನ್ನು ತೋರಿಸಬೇಕು. ಕೆಡುವ ಆ ಮೊದಲ ಗಳಿಗೆ ಮನೆಯ ಮುಂದೆ ಬರುತ್ತದೋ ಫ್ಲೈಓವರ್ ಮೇಲೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಸ್ಟಿಯರಿಂಗ್, ಬ್ರೇಕು, ದೀಪ ಕೆಲಸ ಮಾಡುವುದರಿಂದ ಕಾರು ಚಾಲಕನ ಹಿಡಿತದಲ್ಲೇ ಇರುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ಹಿಂದೆ ಲಾರಿ ಬರುತ್ತಿರುವಾಗ ರಸ್ತೆ ದಾಟುತ್ತಿರುವ ಕಾರಿಗೆ ಮುಂದಕ್ಕೆ ಹೋಗುವ ಶಕ್ತಿಯೂ ಬ್ರೇಕಿನಷ್ಟೇ ಮುಖ್ಯವಾದ ಸುರಕ್ಷತೆ.

ಅಮೆರಿಕದಲ್ಲಿ 2012ರಲ್ಲೇ ಹೂಡಿದ ಸಾಮೂಹಿಕ ಮೊಕದ್ದಮೆ ಸುಮಾರು 20 ಲಕ್ಷ ಹಾಲಿ ಮತ್ತು ಮಾಜಿ ಮಾಲೀಕರನ್ನು ಒಳಗೊಂಡು 2017ರಲ್ಲಿ ರಾಜಿಗೆ ಬಂತು. ಪರಿಹಾರ ಸಾಲದೆಂದು ಕೆಲವರು ಮೇಲ್ಮನವಿ ಹೋದರು. 2019ರಲ್ಲಿ ಮೇಲಿನ ನ್ಯಾಯಾಲಯ ರಾಜಿಯನ್ನು ಮರುಪರಿಶೀಲನೆಗೆ ಕಳಿಸಿತು, ಸುಧಾರಿಸಿದ ಒಪ್ಪಂದಕ್ಕೆ 2020ರಲ್ಲಿ ಅಂಗೀಕಾರ ಸಿಕ್ಕಿತು. ಅದೇ 2019ರ ಜುಲೈನಲ್ಲಿ ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆ ಕಂಪನಿಯ ಒಳಗಿನ ಕಾಗದಪತ್ರಗಳನ್ನೂ ಎಂಜಿನಿಯರುಗಳ ಮಾತನ್ನೂ ಆಧರಿಸಿ, ಗೇರ್‌ಬಾಕ್ಸಿನ ದೋಷ ಮಾರಾಟಕ್ಕೆ ಮೊದಲೇ ಕಂಪನಿಗೆ ತಿಳಿದಿತ್ತು ಎಂದು ದೀರ್ಘ ವರದಿ ಪ್ರಕಟಿಸಿತು. ಕಾರು ತಯಾರಿಕೆಯ ತವರೂರಿನ ಪತ್ರಿಕೆಯೊಂದು, ಊರಿನ ದೊಡ್ಡ ಕಂಪನಿಯ ಮೇಲೆ ಇಷ್ಟು ಆಳವಾಗಿ ಬರೆದದ್ದನ್ನು ಮೆಚ್ಚಲೇಬೇಕು. ಥಾಯ್ಲೆಂಡಿನಲ್ಲೂ ಮುನ್ನೂರರ ಆಸುಪಾಸಿನ ಮಾಲೀಕರು ಒಟ್ಟಾಗಿ ಹೋರಾಡಿ 2018ರಲ್ಲಿ ಪರಿಹಾರದ ಆದೇಶ ಪಡೆದರು.

ಆಸ್ಟ್ರೇಲಿಯಾದ ಕಥೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಅಲ್ಲಿ ಸರ್ಕಾರಿ ಸಂಸ್ಥೆಯಾದ ಗ್ರಾಹಕ ಮತ್ತು ಸ್ಪರ್ಧಾ ಆಯೋಗವೂ ಕೋರ್ಟಿಗೆ ಹೋಯಿತು. ಗೇರ್‌ಬಾಕ್ಸ್ ಕೆಟ್ಟಿತು ಎಂಬುದು ಆಯೋಗದ ಮುಖ್ಯ ಆರೋಪವಾಗಿರಲಿಲ್ಲ. ದೂರು ಕೊಟ್ಟವರನ್ನು ಕಂಪನಿ ನಡೆಸಿಕೊಂಡ ರೀತಿಯೇ ಆರೋಪ. ಸಮಸ್ಯೆ ಇದೆಯೆಂದು ತಿಳಿದೂ, 'ನೀವು ಓಡಿಸುವ ಶೈಲಿಯೇ ಸರಿಯಿಲ್ಲ' ಎಂದು ಗ್ರಾಹಕರಿಗೆ ಹೇಳಲಾಗಿತ್ತು. ಬೇರೆ ಕಾರು ಬೇಕೆಂದವರಿಂದ ಮೇಲೆ ದುಡ್ಡು ಕಟ್ಟಿಸಿಕೊಳ್ಳಲಾಗಿತ್ತು. 2015-16ರ ಅವಧಿಯ 560 ಗ್ರಾಹಕರ ಪ್ರಕರಣಗಳನ್ನು ಇಟ್ಟುಕೊಂಡು ನಡೆದ ಈ ಮೊಕದ್ದಮೆಯಲ್ಲಿ ಫೋರ್ಡ್ ತಪ್ಪೊಪ್ಪಿಕೊಂಡಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ನ್ಯಾಯಾಲಯ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಇದಲ್ಲದೆ ಮಾಲೀಕರೇ ಹೂಡಿದ್ದ ಸಾಮೂಹಿಕ ಮೊಕದ್ದಮೆಯಲ್ಲಿ 2021ರಲ್ಲಿ ಬಂದ ತೀರ್ಪು ಗೇರ್‌ಬಾಕ್ಸನ್ನು ಒಂದೊಂದು ಭಾಗವಾಗಿ ಬಿಡಿಸಿಟ್ಟು ಪರೀಕ್ಷಿಸಿತು: ಸೀಲು, ಕ್ಲಚ್ಚಿನ ಲೈನಿಂಗ್, ಟಿಸಿಎಂನ ಚಿಪ್ಪು ಮತ್ತು ಅದರ ಬೆಸುಗೆ. ಕಾರಿನ ಬೆಲೆ ಎಷ್ಟು ಕುಸಿದಿದೆ, ಅದನ್ನು ಕೊಂಡ ದಿನಕ್ಕೆ ಲೆಕ್ಕ ಹಾಕಬೇಕೋ, ನಂತರ ಸಿಕ್ಕ ದುರಸ್ತಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕೋ ಎಂಬ ಪ್ರಶ್ನೆ ಅಲ್ಲಿನ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿ, 2024ರ ನವೆಂಬರ್‌ನಲ್ಲಿ ತೀರ್ಪಾಯಿತು. ಒಂದು ಗೇರ್‌ಬಾಕ್ಸಿನ ದೋಷ ಕಾನೂನಿನ ಪ್ರಶ್ನೆಯಾಗಿ ಮುಗಿಯಲು ಬೇಕಾದ ಕಾಲ ಅದು. ಒಬ್ಬೊಬ್ಬರೇ ಮಾಲೀಕರು ಅಷ್ಟು ದೂರ ನಡೆಯಲು ಸಾಧ್ಯವಿಲ್ಲ.

ಇದು ಫೋರ್ಡಿನ ಮಾತ್ರ ಕಥೆಯೂ ಅಲ್ಲ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎಂಬ, ಏಳು ಗೇರಿನ, ಎರಡು ಒಣ ಕ್ಲಚ್ಚಿನ ಗೇರ್‌ಬಾಕ್ಸಿನಲ್ಲಿ ಕಂಪ್ಯೂಟರನ್ನೂ ಎಣ್ಣೆಯ ಒತ್ತಡದ ಯಂತ್ರವನ್ನೂ ಒಂದೇ ಘಟಕವಾಗಿ ಮಾಡಿ ಮೆಕಾಟ್ರಾನಿಕ್ ಎಂದು ಕರೆದರು. ಅದು ಕೈಕೊಟ್ಟಾಗಲೂ ಕಾರು ಹೀಗೆಯೇ ಶಕ್ತಿ ಕಳೆದುಕೊಳ್ಳುತ್ತಿತ್ತು. ಚೀನಾದ ಸರ್ಕಾರಿ ಟೆಲಿವಿಷನ್ 2013ರ ಮಾರ್ಚ್ 15ರಂದು, ಗ್ರಾಹಕರ ದಿನದ ಕಾರ್ಯಕ್ರಮದಲ್ಲಿ, ಈ ವಿಷಯ ಎತ್ತಿತು. ಕೆಲವೇ ದಿನಗಳಲ್ಲಿ 3,84,181 ಕಾರುಗಳ ರೀಕಾಲ್ ಘೋಷಣೆಯಾಯಿತು. ಅದೇ ವರ್ಷ ನಮ್ಮಲ್ಲಿ ಅದೇ ಪೀಳಿಗೆಯ ಗೇರ್‌ಬಾಕ್ಸ್ ಹೊತ್ತ ಪೋಲೊ ಜಿಟಿ ಮಾರಾಟಕ್ಕೆ ಬಂತು. ಬೆಂಗಳೂರಿನ ಗ್ಯಾರೇಜುಗಳಲ್ಲಿ 'ಮೆಕಾಟ್ರಾನಿಕ್ ಹೋಗಿದೆ' ಎಂಬ ಮಾತು ಕೇಳಿದರೆ ಲಕ್ಷದ ಲೆಕ್ಕದ ಬಿಲ್ ಎಂದು ಹಳೆಯ ಮಾಲೀಕರಿಗೆ ಅರ್ಥವಾಗುತ್ತದೆ.

ಭಾರತಕ್ಕೆ ಪವರ್‌ಶಿಫ್ಟ್ 2012ರಲ್ಲಿ ಫಿಯೆಸ್ಟಾ ಜೊತೆ ಬಂತು, 2013ರಲ್ಲಿ ಇಕೋಸ್ಪೋರ್ಟ್‌ನಲ್ಲಿ, ಆಮೇಲೆ ಫಿಗೊ ಮತ್ತು ಆಸ್ಪೈರ್‌ನಲ್ಲಿ. ಒಣ ಕ್ಲಚ್ಚಿಗೆ ನಮ್ಮ ರಸ್ತೆಗಳಿಗಿಂತ ಕಠಿಣ ಪರೀಕ್ಷೆ ಬೇರಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಡಿ ಅಡಿಯಾಗಿ ತೆವಳುವಾಗ ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಟ್ಯಾಂಕರಿನ ಹಿಂದೆ ಏರು ಹತ್ತುವಾಗಲೂ ಅಷ್ಟೇ. ಮ್ಯಾನುಯಲ್ ಗಾಡಿಯಲ್ಲಿ ಕ್ಲಚ್ ಸುಟ್ಟ ವಾಸನೆ ಬಂದರೆ ಚಾಲಕ ಕಾಲು ತೆಗೆಯುತ್ತಾನೆ, ಇಲ್ಲಿ ಆ ಕಾಲೇ ಇಲ್ಲ. 2017ರ ಕೊನೆಯಲ್ಲಿ ಹೊಸ ಇಕೋಸ್ಪೋರ್ಟ್ ಬಂದಾಗ ಫೋರ್ಡ್ ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು ಕೈಬಿಟ್ಟು ಹಳೆಯ ಟಾರ್ಕ್ ಕನ್ವರ್ಟರ್ ಮಾದರಿಗೆ ಮರಳಿತು. 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಹಳೆಯ ಪವರ್‌ಶಿಫ್ಟ್ ಕಾರುಗಳು ಉಳಿದುಕೊಂಡವು.

ಬೇರೆ ಕಂಪನಿಗಳ ರೀಕಾಲ್ ಪಟ್ಟಿ ನೋಡಿದರೆ, ನಿಂತುಹೋಗುವ ಕಾರು ಎಷ್ಟು ಸಾಮಾನ್ಯವಾಗಿದೆ ಎಂದು ತಿಳಿಯುತ್ತದೆ. ಮಾರುತಿ 2020ರ ಜುಲೈನಲ್ಲಿ ವ್ಯಾಗನ್‌ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಇಂಧನ ಪಂಪಿಗಾಗಿ ಕರೆಯಿತು, 2024ರ ಮಾರ್ಚ್‌ನಲ್ಲಿ ಮತ್ತೆ ಸುಮಾರು 16 ಸಾವಿರ. ಹೋಂಡಾ 2021ರ ಏಪ್ರಿಲ್‌ನಲ್ಲಿ 77,954 ಕಾರುಗಳ ಪಂಪು ಬದಲಿಸಲು ಮುಂದಾಯಿತು. ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸಿಗೆ ಹತ್ತಿರದ ಉದಾಹರಣೆ 2024ರ ಫೆಬ್ರವರಿಯದು. ಹ್ಯುಂಡೈ ಕ್ರೆಟಾ ಮತ್ತು ವರ್ನಾ 7,698, ಕಿಯಾ ಸೆಲ್ಟೋಸ್ 4,358, ಎಲ್ಲವೂ ಸಿವಿಟಿ ಗೇರ್‌ಬಾಕ್ಸಿನವು, ಎಲ್ಲದರಲ್ಲೂ ವಿದ್ಯುತ್ ಆಯಿಲ್ ಪಂಪಿನ ಕಂಟ್ರೋಲರ್ ತಪ್ಪು ಮಾಡುವ ಸಾಧ್ಯತೆ. ಇವು ಕಂಪನಿಗಳು ತಾವಾಗಿ ಮಾಡಿದ ರೀಕಾಲ್‌ಗಳು, ಮಾಲೀಕರ ಕೈಯಿಂದ ಒಂದು ರೂಪಾಯಿ ಹೋಗದಂತೆ ಮಾಡಿದವು. ಇದನ್ನು ಕಂಪನಿಯ ಹೆಸರಿಗೆ ಕಳಂಕ ಎಂದು ನೋಡುವ ನಮ್ಮ ಅಭ್ಯಾಸ ತಪ್ಪು. ಕೆಟ್ಟ ಭಾಗವನ್ನು ಬಚ್ಚಿಟ್ಟವರಿಗಿಂತ ಕರೆದು ಬದಲಿಸಿಕೊಟ್ಟವರು ಎಷ್ಟೋ ಮೇಲು.

ಕರೆಯದಿದ್ದರೆ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು, ಪ್ರಯಾಣಿಕರಿಗೋ ರಸ್ತೆಯ ಇತರರಿಗೋ ಹಾನಿಯಾಗಬಲ್ಲ ದೋಷವಿದ್ದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿವರೆಗೆ. ಆದರೆ ಮಾಲೀಕರ ದೂರಿನ ಮೂಲಕ ಈ ಯಂತ್ರ ಚಾಲೂ ಆಗಲು ಒಂದು ಮಾದರಿಯ ಮಾಲೀಕರಲ್ಲಿ ನಿಗದಿತ ಸಂಖ್ಯೆಯವರು ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿರಬೇಕು. ಸರ್ವಿಸ್ ಸೆಂಟರಿನಲ್ಲಿ ಕೂಗಾಡಿ ಬಂದ ಸಾವಿರ ಜನರ ಸಿಟ್ಟು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯಲ್ಲಿ ಯಾರೇ ಕೊಟ್ಟ ದೂರನ್ನು ಯಾರು ಬೇಕಾದರೂ ಓದಬಹುದು. ತನ್ನ ಕಾರಿನಂಥದೇ ಕಾರು ಇನ್ನೆಲ್ಲೋ ನಿಂತಿದೆ ಎಂದು ಅಲ್ಲಿಯ ಮಾಲೀಕರಿಗೆ ತಿಳಿಯುವುದು ಹಾಗೆ. ನಮ್ಮಲ್ಲೂ ಅದು ಬೇಕು.

ಗ್ರಾಹಕ ಆಯೋಗದ ದಾರಿ ಹತ್ತಿರದ್ದು. ಜಿಲ್ಲಾ ಆಯೋಗ 50 ಲಕ್ಷದವರೆಗಿನ ಪ್ರಕರಣ ಕೇಳುತ್ತದೆ, ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕು. ಕಷ್ಟ ಇರುವುದು ಸಾಬೀತಿನಲ್ಲಿ. ಕಣ್ಣಿಗೆ ಕಾಣದ ದೋಷವಾದರೆ ಪ್ರಯೋಗಾಲಯದ ಅಥವಾ ತಜ್ಞರ ವರದಿ ಬೇಕಾಗುತ್ತದೆ, ಬಂದು ಹೋಗುವ ದೋಷ ತಜ್ಞರು ಬಂದ ದಿನ ಬರದೇ ಹೋಗಬಹುದು. 2006ರಲ್ಲಿ ಮಾರುತಿ ಕಾರಿನ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಭಾಗಗಳ ದುರಸ್ತಿ, ಬದಲಾವಣೆಗೆ ಸೀಮಿತವಾಗಿರುವಾಗ ಇಡೀ ಕಾರು ಬದಲಿಸಿಕೊಡಿ ಎನ್ನಲಾಗದು ಎಂದು ಹೇಳಿತು. ಆ ತರ್ಕ ಮುರಿದ ಒಂದು ಭಾಗಕ್ಕೆ ಒಪ್ಪುತ್ತದೆ. ಮಾಡ್ಯೂಲ್ ಬದಲಿಸಿದ ಮೇಲೂ ಅದೇ ವಿನ್ಯಾಸದ ಇನ್ನೊಂದು ಮಾಡ್ಯೂಲ್ ಅದೇ ಬಿಸಿಯಲ್ಲಿ ಕೂತು ಮತ್ತೆ ಕೆಡುವ ಕಾರಿಗೆ ಅದು ಒಪ್ಪುವುದಿಲ್ಲ ಎಂದು ನನ್ನ ನಂಬಿಕೆ. 2019ರ ಗ್ರಾಹಕ ಕಾಯ್ದೆ ವಿನ್ಯಾಸದ ದೋಷಕ್ಕೂ ತಯಾರಕರನ್ನು ಹೊಣೆ ಮಾಡುವುದರಿಂದ ವಾದಕ್ಕೆ ಈಗ ಹೊಸ ನೆಲ ಸಿಕ್ಕಿದೆ.

ಇಷ್ಟಾದರೂ ನಿಂತ ಪ್ರತಿ ಕಾರಿನಲ್ಲೂ ಟಿಸಿಎಂ ಅಪರಾಧಿ ಅಲ್ಲ. ಒಳ್ಳೆಯ ಮೆಕ್ಯಾನಿಕ್ ಮೊದಲು ನೋಡುವುದು ಬ್ಯಾಟರಿಯನ್ನು, ಆಮೇಲೆ ಅರ್ತ್ ತಂತಿಯನ್ನು. ವೋಲ್ಟೇಜ್ ಇಳಿದರೆ ಆರೋಗ್ಯವಂತ ಮಾಡ್ಯೂಲೂ ಅಸಂಬದ್ಧ ಸಂಕೇತ ಕೊಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕನೆಕ್ಟರಿಗೆ ನೀರಿಳಿದು ಹಸಿರು ಕಿಲುಬು ಹಿಡಿದಿರುತ್ತದೆ. ಇಲಿ ವೈರು ಕಡಿದಿರುವುದಂತೂ ಊರೂರಿನ ಸಮಸ್ಯೆ. ಐನೂರು ರೂಪಾಯಿಯ ವೈರಿನ ತೊಂದರೆಗೆ ಮಾಡ್ಯೂಲ್ ಬದಲಿಸಿದ ಬಿಲ್ ಕಟ್ಟಿದವರಿದ್ದಾರೆ.

ದುರಸ್ತಿಯ ಬಾಗಿಲು ಎಷ್ಟು ತೆರೆದಿದೆ ಎಂಬುದೂ ಇದಕ್ಕೆ ಸೇರಿದ ಪ್ರಶ್ನೆ. ಹೊಸ ಟಿಸಿಎಂ ಹಾಕಿದರೆ ಸಾಲದು, ಆ ಕಾರಿಗೆ ತಕ್ಕಂತೆ ಅದಕ್ಕೆ ಪ್ರೋಗ್ರಾಂ ತುಂಬಬೇಕು, ಕ್ಲಚ್ಚಿನ ಹಿಡಿತವನ್ನು ಹೊಸದಾಗಿ ಕಲಿಸಬೇಕು. ಅದರ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿರುತ್ತದೆ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ್ದು ಇದೇ ಕಾರಣಕ್ಕೆ: ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಆದೇಶ ಮೇಲ್ಮನವಿಗಳಲ್ಲಿ ಸಿಕ್ಕಿಬಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಜಗತ್ತಿನ ಕಾರುಗಳ ಮಾಡ್ಯೂಲುಗಳಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರುಗಳು ಸಾವಿರಾರು ಮಂದಿ ಇದ್ದಾರೆ. ಅದೇ ಊರಿನ ಬಿಡಿಭಾಗದ ಮಾರುಕಟ್ಟೆ ಜೆ.ಸಿ. ರಸ್ತೆ. ಅಂಥ ಕಡೆಯ ಮೆಕ್ಯಾನಿಕ್, ಬಿರುಕು ಬಿಟ್ಟ ಬೆಸುಗೆಯನ್ನು ಭೂತಗನ್ನಡಿಯಲ್ಲಿ ಹುಡುಕಿ ಮತ್ತೆ ಹಾಕಬಲ್ಲ ಕೈಚಳಕ ಇದ್ದವನು, ಆ ಪ್ರೋಗ್ರಾಂ ತಲುಪಲಾರ.

ಮಾಲೀಕರು ಮಾಡಬಹುದಾದ್ದು ದೊಡ್ಡದೇನಲ್ಲ, ಆದರೆ ಬಿಡಬಾರದ್ದು. ಕಾರು ನಿಂತಾಗ, ಮೊದಲು ಜನರನ್ನು ರಸ್ತೆಯಿಂದ ಆಚೆ ಕಳಿಸಿದ ಮೇಲೆ, ಡ್ಯಾಶ್‌ಬೋರ್ಡಿನ ದೀಪಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಬೇಕು. ಬ್ಯಾಟರಿ ಕಳಚಲು ಯಾರಿಗೂ ಬಿಡಬಾರದು, ಕಳಚಿದರೆ ಸಂಕೇತಗಳು ಅಳಿಸಿಹೋಗಬಹುದು. ಸರ್ವಿಸ್ ಸೆಂಟರಿನಲ್ಲಿ ಈಗಿನ ಸಂಕೇತ ಮಾತ್ರವಲ್ಲ, ನೆನಪಿನಲ್ಲಿ ಉಳಿದ ಹಳೆಯ ಸಂಕೇತಗಳನ್ನೂ ಎಲ್ಲ ಮಾಡ್ಯೂಲುಗಳಿಂದ ಓದಿಸಿ, ಅಳಿಸುವ ಮೊದಲು ಮುದ್ರಿಸಿ ಕೊಡಲು ಕೇಳಬೇಕು. ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡದೆ, 'ಗಂಟೆಗೆ ಇಷ್ಟು ಕಿಲೋಮೀಟರ್ ವೇಗದಲ್ಲಿ ಓಡುವಾಗ ಶಕ್ತಿ ತಪ್ಪಿತು' ಎಂದೇ ಬರೆಸಬೇಕು.

ಈಗ ಪವರ್‌ಶಿಫ್ಟ್ ಇಕೋಸ್ಪೋರ್ಟ್‌ಗಳು, ಮೊದಲ ಡಿಎಸ್‌ಜಿ ಪೋಲೊಗಳು ಎರಡನೇ, ಮೂರನೇ ಮಾಲೀಕರ ಕೈಯಲ್ಲಿವೆ. ಕಡಿಮೆ ಬೆಲೆಗೆ ಸಿಗುತ್ತವೆ, ಮೊದಲ ಕಾರು ಕೊಳ್ಳುವ ಮನೆಯವರು ಕೊಳ್ಳುತ್ತಾರೆ. ನಮ್ಮ ರೀಕಾಲ್ ನಿಯಮ ಮಾತ್ರ ಏಳು ವರ್ಷದೊಳಗಿನ ವಾಹನಗಳಿಗಷ್ಟೇ ಅನ್ವಯಿಸುತ್ತದೆ. ಬೆಸುಗೆ ದಣಿಯಲು ಹಿಡಿಯುವ ಕಾಲವನ್ನು ಅಮೆರಿಕದಲ್ಲಿ ತಯಾರಕರೇ ಹತ್ತು ವರ್ಷವೆಂದು ಒಪ್ಪಿ ವಾರಂಟಿ ಕೊಟ್ಟಿರುವಾಗ, ಎಲೆಕ್ಟ್ರಾನಿಕ್ ಭಾಗಗಳ ಮಟ್ಟಿಗಾದರೂ ಇಲ್ಲಿಯ ಮಿತಿ ಹತ್ತು ವರ್ಷಕ್ಕೆ ಏರಬೇಕು. ಅದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕಿಲ್ಲ. 2021ರ ನಿಯಮಕ್ಕೆ ಸಾರಿಗೆ ಸಚಿವಾಲಯ ಹೊರಡಿಸುವ ಒಂದು ತಿದ್ದುಪಡಿ ಅಧಿಸೂಚನೆ ಸಾಕು.